ಒಂದು ಮನೆಗೆ ಎಷ್ಟು ಬಚ್ಚಲು

೧೪ ಅಕ್ಟೋಬರ್ ೨೦೦೧, ರವಿವಾರ

ದಾಂಡೇಲಿಯಿಂದ ಈಗಷ್ಟೇ ಬಂದೆ. ಅಂಗಿ ಬಿಚ್ಚುವ ಮೊದಲೇ ಬರೆದಿಡುತ್ತೇನೆ. ಕರಿಬಸಪ್ಪನ ಹೊಸ ಮನೆಯಲ್ಲಿ ಮೂರು ಬಚ್ಚಲಿವೆ. ಮೂರು! ನಾನೂ ಅವನೂ ಟ್ರೇನಿಂಗಿಗೆ ಹೋದಾಗ ನಲವತ್ತು ಹುಡುಗರು ಎರಡು ನಲ್ಲಿಯ ಕೆಳಗೆ ಮಿಂದವರು. ಈಗ ಅವನ ಮನೆಯಲ್ಲಿ ಗಂಡ, ಹೆಂಡತಿ, ಮಗಳು, ತಲೆಗೊಂದು ಬಚ್ಚಲು. ಎದೆಮಟ್ಟ ಬಿಳಿ ಟೈಲ್ಸು, ಒಂದರ ಗೆರೆಗೆ ಇನ್ನೊಂದರ ಗೆರೆ ಕೂದಲೆಳೆಯಷ್ಟೂ ತಪ್ಪಿಲ್ಲ. ನಲ್ಲಿ ತಿರುವಿದರೆ ತಲೆಯ ಮೇಲೆ ಬಿಸಿನೀರಿನ ಮಳೆ. ಹನ್ನೊಂದು ವರ್ಷ ಡ್ರಾಯಿಂಗ್ ಮಾಸ್ತರಿಕೆ ಮಾಡಿದ ನಾನು ಅಷ್ಟು ನೆಟ್ಟಗಿನ ಗೆರೆ ಎಲ್ಲೂ ಕಂಡಿರಲಿಲ್ಲ. ಹೊರಗೆ ಎಲೆ ಹಾಕಿ ಕರೆಯುತ್ತಿದ್ದರು, ನಾನು ಒಳಗೆ ಬಾಯಿ ತೆರೆದು ನಿಂತೇ ಇದ್ದೆ.

ನಮ್ಮದೂ ಹಾಗೇ ಆಗಬೇಕು. ಪಾಲಾದಾಗ ಈ ಹಳ್ಳಿಮನೆ ದೊಡ್ಡಪ್ಪನ ಮಕ್ಕಳಿಗೆ ಹೋಗಿದೆ, ಮುಂದಿನ ಮಳೆಗಾಲದೊಳಗೆ ಬಿಡಬೇಕು. ಹಳಿಯಾಳದಲ್ಲಿ ಜಾಗ ಹಿಡಿದಾಗಿದೆ. ನಕ್ಷೆ ನನ್ನದೇ, ಬೇರೆಯವರ ಕೈಗೆ ಕೊಡುವ ಮಾತಿಲ್ಲ.

ರಾಜಶ್ರೀಗೆ ಹೇಳಿದೆ. ಅವಳು ಮಾತು ಕಡಿಮೆ ಮಾಡಿ ವರ್ಷದ ಮೇಲಾಯಿತು. ಇವತ್ತು ಮಾತ್ರ ಕಸೂತಿ ಕೆಳಗಿಟ್ಟು, "ಒಂದು ನಮ್ಮ ಖೋಲಿಗೆ ಹತ್ತಿ ಇರ್ಲಿ. ಒಳಗಿಂದ ಚಿಲಕ ಇರ್ಲಿ. ಉಳಿದದ್ದು ಎಷ್ಟರ ಕಟ್ಟಸ್ರಿ," ಅಂದಳು. ಅವಳಿಗೂ ಶೋಕಿ ಹತ್ತಿತು ಎಂದು ಖುಷಿಯಾಯಿತು.

೧೮ ಅಕ್ಟೋಬರ್

ಮನೆಯಲ್ಲಿ ಸುಮ್ಮನೆ ಹೇಳಿದರೆ ಕೇಳುವವರಿಲ್ಲ. ಅದಕ್ಕೆ ಮೂರು ದಿನ ಬೆಳಿಗ್ಗೆ ಗಡಿಯಾರ ಹಿಡಿದು ಕೂತು ಲೆಕ್ಕ ಹಾಕಿದೆ. ಮನೆಯಲ್ಲಿ ನಾಲ್ಕು ಜನ, ಅಡಿಗೆಮನೆಯ ಮೂಲೆಯಲ್ಲಿ ಒಂದೇ ಬಚ್ಚಲು. ಅಪ್ಪ ಒಂಬತ್ತು ನಿಮಿಷ. ಮಿಂದು ಬಂದು ಅಂಗೈಯಲ್ಲಿ ಲಿಂಗ ಹಿಡಿದು ಕೂತರೆಂದರೆ ಪೂಜೆ ಮುಗಿಯುವ ತನಕ ಮಾತಿಲ್ಲ, ಪೂಜೆಯಾಗದೆ ನೀರೂ ಕುಡಿಯುವುದಿಲ್ಲ. ಅವ್ವ ಆರು ನಿಮಿಷ. ನಾನು ಹನ್ನೆರಡು. ರಾಜಶ್ರೀ ಮೂವತ್ತೈದು! ಮೂರೂ ದಿನ ಅಷ್ಟೇ. ಅದರಲ್ಲಿ ನೀರಿನ ಸಪ್ಪಳ ಎಂಟೇ ನಿಮಿಷ. ಉಳಿದ ಹೊತ್ತು ಒಳಗೆ ಏನು ಮಾಡುತ್ತಾಳೋ ಶಿವನೇ ಬಲ್ಲ. ಬಾಗಿಲು ಬಡಿದು, "ಸಾಲಿಗೆ ಹೊತ್ತಾತು," ಎಂದು ಕೂಗಿದೆ. ಯಾವತ್ತಿನ ಹಾಗೆ.

ಲೆಕ್ಕದ ಹಾಳೆ ಅಪ್ಪನ ಮುಂದಿಟ್ಟೆ. ಅವ್ವ ನಕ್ಕಳು. "ನಾಕ ಮಂದಿಗೆ ಮೂರು ಬಚ್ಚಲಾ? ನಾಕನೇದವ್ರು ಹೊಳಿಗೆ ಹೋಗ್ಬೇಕೇನು?"

ಅಪ್ಪನ ತಕರಾರೇ ಬೇರೆ. ಬಚ್ಚಲಿನಲ್ಲೇ ಸಂಡಾಸು ಇರುವುದು ಅವರಿಗೆ ಒಗ್ಗಲಿಲ್ಲ. "ಮೈ ತೊಳಕೊಂಡು ಲಿಂಗಾ ಹಿಡಿಯಾಕ ಹೋಗೂ ಜಾಗಾದಾಗ ಅದಾ? ನೀ ಏನರ ಕಟ್ಟಸು, ನಾ ಅದ್ರಾಗ ಕಾಲಿಡೂದಿಲ್ಲ."

ರಾಜಿಯಾಯಿತು. ಅಪ್ಪನಿಗೆ ನಾಲ್ಕಡಿ ಉದ್ದ ನಾಲ್ಕಡಿ ಅಗಲದ ಬರೀ ಸ್ನಾನದ ಕೋಣೆ. ಅದರ ಮಗ್ಗುಲಿಗೆ ಎಲ್ಲರಿಗೂ ಒಂದು, ಸಂಡಾಸು ಸಮೇತ. ನಮ್ಮ ಖೋಲಿಗೆ ಹತ್ತಿದ್ದು ಇನ್ನೊಂದು. ನಕ್ಷೆ ಎಷ್ಟು ಚೆಂದ ಬಂದಿದೆ! ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನಲಿ, ನಾನಂತೂ ಮತ್ತೆ ಮತ್ತೆ ತೆಗೆದು ನೋಡುತ್ತಿದ್ದೇನೆ.

೯ ಡಿಸೆಂಬರ್, ರವಿವಾರ

ಗೌಂಡಿ ಲಾಲು ಮುಂಡಗೋಡ ಕಡೆಯ ತಾಂಡಾದವನು. ಅವನ ಹೆಂಡತಿ ಗೋಪಿಬಾಯಿಯೂ ಕೆಲಸಕ್ಕೆ ಬಂದಿದ್ದಾಳೆ. ಇಬ್ಬರೂ ಸೇರಿ ಇವತ್ತು ಜಾಗದ ಮೇಲೆ ಸುಣ್ಣದ ಗೆರೆ ಹಾಕಿದರು. ಕಾಗದದ ಮೇಲೆ ಬೆರಳಗಲ ಇದ್ದದ್ದು ನೆಲದ ಮೇಲೆ ಕೋಣೆಯಾಗಿ ನಿಂತದ್ದು ಕಂಡು ಮೈ ಜುಂ ಎಂದಿತು.

ಅವ್ವನೂ ಬಂದಿದ್ದಳು. ಮೂರು ಬಚ್ಚಲಿನ ಗೆರೆಗಳ ಸುತ್ತ ಒಮ್ಮೆ ತಿರುಗಿದಳು. ಆಮೇಲೆ ಒಂದರೊಳಗೆ ಹೋಗಿ ನೆಲದ ಮೇಲೆ ಕೂತು ಎರಡೂ ಕಾಲು ಚಾಚಿಬಿಟ್ಟಳು. ಪಾದ ಗೆರೆ ದಾಟಿ ಹೊರಗೆ ಹೋಯಿತು. "ನೋಡು," ಅಂದಳು. ಏನನ್ನು ನೋಡಲಿ? ಮೂರು ಬಚ್ಚಲು ಬೇಡವೆಂದು ಹಟ, ಮತ್ತೇನು! ಲಾಲುವಿನ ಮುಂದೆ ಮಾನ ಹೋಯಿತು. "ಏಳಬೇ, ಮಂದಿ ನೋಡ್ತಾರ," ಅಂದೆ. ಎದ್ದು ಸೀರೆ ಜಾಡಿಸಿಕೊಂಡಳು. 

ಇನ್ನೊಂದು. ರಾಜಶ್ರೀಗೆ ತಿಂಗಳು ನಿಂತಿದೆ. ಹೋದ ವರ್ಷದ ಗಂಡುಕೂಸು ಮೂರು ದಿನ ಇತ್ತು, ಹೆಸರಿಡುವಷ್ಟು ದಿನ ಇರಲಿಲ್ಲ. ಈ ಸಲ ಮನೆಯಲ್ಲಿ ಯಾರೂ ಆ ಮಾತೇ ಎತ್ತುವುದಿಲ್ಲ. ನಾನೂ ಇಷ್ಟೇ ಬರೆಯುತ್ತೇನೆ.

೨೦ ಜನವರಿ ೨೦೦೨, ರವಿವಾರ

ಇವತ್ತು ಒಂದು ನೋಡಬಾರದ್ದನ್ನು ನೋಡಿದೆನೋ, ನೋಡಲೇಬೇಕಾದದ್ದನ್ನು ನೋಡಿದೆನೋ ತಿಳಿಯದು.

ಪೆಟ್ಟಿಗೆಯ ಕೀಲಿ ಬೇಕಾಗಿತ್ತು. ಅವ್ವ ಮಗ್ಗುಲ ಮನೆಯ ಶಿವವ್ವನಲ್ಲಿಗೆ ಹೋಗಿದ್ದಳು, ಅವಳ ಮೊಮ್ಮಗನಿಗೆ ಎರೆಯಲು. ಕೂಸು ಮೀಯಿಸುವುದೆಂದರೆ ನಮ್ಮೂರಲ್ಲಿ ಅವ್ವನಿಗೇ ಕರೆ ಬರುತ್ತದೆ, ಇದು ನನಗೆ ಬುದ್ಧಿ ಬಂದಾಗಿನಿಂದ ಗೊತ್ತು. ಆದರೆ ಒಮ್ಮೆಯೂ ಕಂಡಿರಲಿಲ್ಲ. ಹಿತ್ತಲ ಬಾಗಿಲಲ್ಲಿ ನಿಂತವನು ಹಾಗೇ ನಿಂತುಬಿಟ್ಟೆ.

ಅವ್ವ ಗೋಡೆಗೆ ಬೆನ್ನು ಕೊಟ್ಟು, ಸೀರೆ ಮೊಳಕಾಲಿನ ತನಕ ಎತ್ತಿ ಸಿಕ್ಕಿಸಿ, ಎರಡೂ ಕಾಲು ಜೋಡಿಸಿ ಚಾಚಿ ಕೂತಿದ್ದಳು. ಕೂಸು ಅವಳ ಕಣಕಾಲಿನ ಮೇಲೆ. ಶಿವವ್ವ ತಂಬಿಗೆ ಹಿಡಿದು ನಿಂತಿದ್ದಳು. ಅವ್ವ ಗದ್ದ ಅಲುಗಿಸಿದರೆ ನೀರು ಬೀಳುತ್ತದೆ, ಅಲುಗಿಸದಿದ್ದರೆ ಇಲ್ಲ. ಎಡಗೈಯ ಎರಡು ಬೆರಳು ಕೂಸಿನ ಹಣೆಗೆ ಅಡ್ಡ ಹಿಡಿದಿದ್ದಳು, ಬಿದ್ದ ನೀರು ಕಣ್ಣಿಗೂ ಮೂಗಿಗೂ ತಾಗದೆ ಕಿವಿಯ ಹಿಂದಿನಿಂದ ಇಳಿದು ಹೋಯಿತು. ಆಮೇಲೆ ಒಂದೇ ಅಂಗೈ ಎದೆಯ ಕೆಳಗೆ ಕೊಟ್ಟು ಕೂಸನ್ನು ಬೋರಲು ಮಾಡಿದಳು. ಅಷ್ಟು ಹೊತ್ತು ಕಿರುಚುತ್ತಿದ್ದದ್ದು ಬೆನ್ನ ಮೇಲೆ ಬಿಸಿನೀರು ಬಿದ್ದದ್ದೇ ತಡ, ನಿದ್ದೆ ಹೋಯಿತು. ಅವಳ ಕಾಲಿನ ಮೇಲೆ, ನೀರಿನಲ್ಲೇ! ನೆಲಕ್ಕೆ ಚೀಲ ಒಗೆದಂತೆ ತಾಟು ಇಡುವ, ಬಾಗಿಲು ದಡಾರನೆ ಮುಚ್ಚುವ ಅವ್ವ ಇವಳೇ ಏನು?

ತಲೆ ಎತ್ತದೆಯೇ, "ಬಂದ್ಯಾ? ಕೀಲಿ ಗೂಟಕ್ಕೈತಿ," ಅಂದಳು.

ಮನೆಗೆ ಬಂದ ಮೇಲೆ ಕೇಳಿದೆ, ಈವರೆಗೆ ಎಷ್ಟು ಕೂಸಿಗೆ ಎರೆದಿದ್ದಿ ಅಂತ.

"ಯಾಂವಗ ಗೊತ್ತು! ನಿನ್ನ ಸಾಲ್ಯಾಗಿನ ಹುಡುಗೂರ್ನ ಎಣಸು, ಅರ್ಧಾ ನನ್ನ ಕಾಲ ಮ್ಯಾಲಿಂದ ಎದ್ದ ಹೋದವ್ರ ಅದಾರ."

ಸಂಜೆ ಆ ಕೈಯ ಚಿತ್ರ ಬರೆಯಲು ಕೂತೆ. ಏಳು ಹಾಳೆ ಹರಿದೆ. ಬೆರಳು ಬರುತ್ತವೆ, ಆ ಹಿಡಿತ ಬರುವುದಿಲ್ಲ.

೩ ಮಾರ್ಚ್

ಹುಬ್ಬಳ್ಳಿಯಿಂದ ಟೈಲ್ಸ್ ಬಂತು. ಬಿಳಿ. ಒಂದೂ ಒಡೆದಿಲ್ಲ!

೧೫ ಮೇ, ಬುಧವಾರ, ಬಸವ ಜಯಂತಿ

ಗೃಹಪ್ರವೇಶ ಮುಗಿಯಿತು. ಹಳ್ಳಿಯಿಂದ ಬಂದವರೆಲ್ಲ ದೇವರ ಖೋಲಿಗಿಂತ ಮೊದಲು ಬಚ್ಚಲು ನೋಡಿದರು. ನಾನೇ ಮುಂದೆ ನಿಂತು ಒಂದೊಂದೇ ಬಾಗಿಲು ತೆರೆದು ತೋರಿಸಿದೆ. ಎಲ್ಲರೂ ಬಾಯಿ ಬಿಟ್ಟರು, ನನ್ನ ಕಾಲು ನೆಲದ ಮೇಲಿರಲಿಲ್ಲ.

ಕೊನೆಗೆ ಗೋಪಿಬಾಯಿ ಬಂದಳು. ತಾನೇ ಇಟ್ಟಿಗೆ ಹೊತ್ತ ಮನೆ, ಹೊಸ ಸೀರೆ ಉಟ್ಟು ಬಂದಿದ್ದಳು. ಮೂರೂ ಬಚ್ಚಲಿಗೆ ಇಣುಕಿ, ರಾಜಶ್ರೀಯ ಏಳು ತಿಂಗಳ ಹೊಟ್ಟೆ ನೋಡಿ, ನನ್ನನ್ನು ನೋಡಿ ಕೇಳಿದಳು. "ಮಾಸ್ತರ, ಎಲ್ಲಾ ಚಂದ ಆತು. ಕೂಸಿಗೆ ಎಲ್ಲಿ ಎರೀತೀರಿ?"

ಅವ್ವ ಓಡಿಬಂದು ಅವಳ ಬಾಯಿಗೆ ಕೈ ಅಡ್ಡ ಹಿಡಿದಳು.

ಕಾಲು ಚಾಚಿ ಕೂಡಬೇಕು, ಎದುರಿಗೆ ಒಬ್ಬಳು ನಿಂತು ನೀರು ಹಾಕಬೇಕು, ಮಗ್ಗುಲಲ್ಲಿ ಬಿಸಿನೀರಿನ ಹಂಡೆ ಇರಬೇಕು. ನನ್ನ ಮೂರು ಬಚ್ಚಲಲ್ಲಿ ಒಂದರಲ್ಲೂ ಅಷ್ಟು ಜಾಗವಿಲ್ಲ. ಎರಡರಲ್ಲಿ ನಟ್ಟನಡುವೆ ಸಂಡಾಸು, ಮೂರನೆಯದು ನಾಲ್ಕಡಿ. ಜನ ಹೋದ ಮೇಲೆ ಅವ್ವನ ಮೇಲೆ ಹರಿಹಾಯ್ದೆ. "ನಿನಗ ಗೊತ್ತಿತ್ತು, ಮದಲ ಯಾಕ ಹೇಳ್ಲಿಲ್ಲ?"

"ಹೆಂಗ ಹೇಳ್ಲಿ? ಕೂಸು ಹುಟ್ಟೂಕಿಂತ ಮದ್ಲ ಕುಲಾವಿ ಹೊಲಸಿದ್ರಂತ. ಹೋದ ಸಲ ತೊಟ್ಟಲಾ ತಂದ ತೂಗ ಹಾಕಿದ್ವಿ, ಬಟ್ಟಿ ಮಡಚಿ ಇಟ್ಟಿದ್ವಿ. ಏನಾತು? ಈ ಸಲ ಬಾಯಿ ಬಿಡಬಾರದಂತ ದೇವರ ಮುಂದ ಅಂದ್ಕೊಂಡಿದ್ನಿ. ಅದಕ್ಕ ಸುಣ್ಣದ ಗೆರಿ ಒಳಗ ಕುಂತ ತೋರಿಸಿದ್ನಿ. ನಿನಗ ತಿಳೀಲಿಲ್ಲ."

ಒಂದು ಮಾತು ಆಡಬಾರದೆಂದು ಇಡೀ ಮನೆಯನ್ನು ತಪ್ಪಾಗಿ ಕಟ್ಟಲು ಬಿಟ್ಟ ಹೆಂಗಸು ಇವಳು. ಸಿಟ್ಟು ಇನ್ನೂ ಇಳಿದಿಲ್ಲ. ಪಡಸಾಲೆಯಲ್ಲಿ ಎರೆದರಾಯಿತು, ಅದಕ್ಕೇನು.

೧೦ ಜೂನ್, ಹುಬ್ಬಳ್ಳಿ

ಎರಡು ತಿಂಗಳು ಮೊದಲೇ ಆಯಿತು. ಹೆಣ್ಣು. ಒಂದು ಕಿಲೋ ಏಳುನೂರು ಗ್ರಾಂ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅಳುವುದೂ ಕೇಳಿಸುವುದಿಲ್ಲ.

೧೬ ಜೂನ್, ಹುಬ್ಬಳ್ಳಿ

ಆರು ದಿನ. ಮೂರನೆಯ ದಿನ ದಾಟಿದಾಗ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಯಾರೂ ನೋಡಲಿಲ್ಲ.

ಕೂಸಿನ ಮುಷ್ಟಿ ನನ್ನ ಹೆಬ್ಬೆರಳಿನ ಉಗುರಿನಷ್ಟಿದೆ. ಅದರಲ್ಲಿ ಐದು ಬೆರಳು, ಪ್ರತಿ ಬೆರಳಿಗೂ ಗೆರೆ, ತುದಿಗೆ ಉಗುರು. ಇಷ್ಟು ಸಣ್ಣದರಲ್ಲಿ ಇಷ್ಟೆಲ್ಲವನ್ನೂ ಯಾರು ಬರೆದರು? ಯಾವ ಕುಂಚದಿಂದ? ಗಾಜಿಗೆ ಮೂಗು ಒತ್ತಿ ನಿಂತರೆ ದಾದಿ ಬೈದು ಕಳಿಸುವ ತನಕ ಹೊತ್ತು ಹೋಗುವುದು ತಿಳಿಯುವುದಿಲ್ಲ.

ಕೂಸಿಗೆ ಚೀಪುವ ಶಕ್ತಿ ಇಲ್ಲ. ರಾಜಶ್ರೀ ಹಾಲು ಹಿಂಡಿ ಬಟ್ಟಲಲ್ಲಿ ಕೊಟ್ಟರೆ ನಳಿಗೆಯಿಂದ ಹಾಕುತ್ತಾರೆ. ಇವತ್ತು ಮಧ್ಯಾಹ್ನ ಬಟ್ಟಲು ತುಂಬ ಬಂದಿತ್ತು. ಎಷ್ಟು ಬೇಗ ರೂಢಿಯಾಯಿತು ನಿನಗೆ ಅಂದೆ. ಅವಳು ಬಟ್ಟಲಿನ ಮೇಲೆ ಬಟ್ಟೆ ಮುಚ್ಚಿ ನಿಧಾನವಾಗಿ ಹೇಳಿದಳು.

"ಹೋದ ಸಲ ಎರಡು ತಿಂಗಳ ಬಂತ್ರೀ ಹಾಲು. ಕುಡ್ಯೂ ಕೂಸೇ ಇರ್ಲಿಲ್ಲ, ಹಾಲಿಗೇನು ಗೊತ್ತು? ಬಚ್ಚಲ್ದಾಗ ಕುಂತ ಹಿಂಡಿ ಚೆಲ್ಲತಿದ್ನಿ. ಇಡೀ ಮನ್ಯಾಗ ಒಳಗಿಂದ ಚಿಲಕ ಇದ್ದದ್ದು ಅದ ಒಂದ ಬಾಗ್ಲಿಗೆ. ಹಾಲು ನಿಂತ ಮ್ಯಾಲೂ ಹೋಗಿ ಕುಂದರೂದು ಬಿಡ್ಲಿಕ್ಕೆ ಆಗ್ಲಿಲ್ಲ."

"ನಾ ಬಾಗ್ಲಾ ಬಡೀತಿದ್ನಿ," ಅಂದೆ.

"ಹೌದ್ರೀ. ಬಡೀತಿದ್ರಿ."

ಬೈದಿದ್ದರೆ ಒಳ್ಳೆಯದಿತ್ತು. ನಾನು ಆ ಮೂವತ್ತೈದು ನಿಮಿಷವನ್ನು ಹಾಳೆಯ ಮೇಲೆ ಬರೆದು, ಕೆಳಗೆ ಗೆರೆ ಎಳೆದು, ಅಪ್ಪನಿಗೆ ತೋರಿಸಿದವನು. ನನ್ನಂಥ ಕತ್ತೆ ಇನ್ನೊಬ್ಬನಿಲ್ಲ. ಒಂದು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿ, ಅಷ್ಟು ದೊಡ್ಡ ದುಃಖವನ್ನು ಅವಳು ಅಷ್ಟು ಸಣ್ಣ ಜಾಗದಲ್ಲಿ ಒಬ್ಬಳೇ ಹಿಡಿದಿಟ್ಟಿದ್ದಳಲ್ಲ, ಈಗ ಅವಳ ಮುಖ ನೋಡಲು ಒಂಥರಾ ಭಯಭಕ್ತಿ.

೪ ಜುಲೈ, ಹಳಿಯಾಳ

ಮನೆಗೆ ಕರೆತಂದೆವು. ಎರಡು ಕಿಲೋ. ಎರಡೂವರೆ ಆಗುವ ತನಕ ಎರೆಯಬಾರದು, ಬೆಚ್ಚಗಿನ ಬಟ್ಟೆಯಿಂದ ಒರೆಸಿದರೆ ಸಾಕು, ಸದಾ ಯಾರಾದರೂ ಎದೆಗೆ ಅವುಚಿಕೊಂಡೇ ಇರಬೇಕು ಎಂದಿದ್ದಾರೆ ಡಾಕ್ಟರು. ಇದನ್ನು ಅವ್ವನಿಗೆ ಹೇಗೆ ಹೇಳುವುದೆಂದು ಬಸ್ಸಿನುದ್ದಕ್ಕೂ ತಲೆಬಿಸಿ. ಊರ ಅರ್ಧ ಕೂಸುಗಳಿಗೆ ಎರೆದವಳು, ಡಾಕ್ಟರ ಮಾತಿಗೆ ಸೊಪ್ಪು ಹಾಕುತ್ತಾಳೆಯೇ? ಜಗಳ ಖಂಡಿತ ಅಂದುಕೊಂಡಿದ್ದೆ.

ಅವ್ವ ಪೂರ್ತಿ ಕೇಳಿದಳು. "ಹೂಂ. ಇನ್ನೂ ಹೊಟ್ಟ್ಯಾಗ ಇರಬೇಕಾದ ಕೂಸು. ಹೊಟ್ಟ್ಯಾಗ ಯಾರ ಎರೀತಾರ?" ಅಂದಳು. ಅಷ್ಟೇ. ಹಳೇ ಸೀರೆ ಹರಿದು ಕೂಸನ್ನು ಎದೆಗೆ ಕಟ್ಟಿಕೊಂಡು ಗೋಡೆಗೊರಗಿ ಕೂತಳು. ಒಂದು ತಾಸು ಅವಳು, ಒಂದು ತಾಸು ರಾಜಶ್ರೀ. ಅತ್ತೆ ಸೊಸೆ ಎದ್ದು ಕೂಡುವಾಗ ಒಬ್ಬರ ಎದೆಯಿಂದ ಇನ್ನೊಬ್ಬರ ಎದೆಗೆ ಕೂಸು ಹೋಗುವುದನ್ನು ಅಪ್ಪ ಕಣ್ಣು ಮಿಟುಕಿಸದೆ ನೋಡುತ್ತಾರೆ. ಯಾವ ಗುಡಿಯಲ್ಲೂ ನಾನು ಇಷ್ಟು ಸುಮ್ಮನೆ ನಿಂತವನಲ್ಲ.

ಬಚ್ಚಲು ಸೋರುತ್ತಿದೆ ಎಂದು ಲಾಲುವಿಗೆ ಹೇಳಬೇಕಿತ್ತು. ಮರೆತೆ.

೨೦ ಜುಲೈ, ಶನಿವಾರ

ಎರಡೂವರೆ ಕಿಲೋ! ಎರೆಯಬಹುದು ಅಂದರು ಡಾಕ್ಟರು.

ಮಧ್ಯಾಹ್ನ ನೋಡಿದರೆ ಅವ್ವ ಕೂಸಿಲ್ಲದೆ ಖಾಲಿ ಕೈಯಲ್ಲಿ ಒಂದೊಂದೇ ಬಚ್ಚಲಿಗೆ ಹೋಗಿ ಕೂತು ಎದ್ದು ಬರುತ್ತಿದ್ದಾಳೆ. ಅಪ್ಪನ ಕೋಣೆಯಲ್ಲಿ ಮೊಳಕಾಲು ಮಡಚಬೇಕು, ಮಡಚಿದರೆ ಕೂಸು ಜಾರುತ್ತದೆ. ಇನ್ನೊಂದರಲ್ಲಿ ಕಾಲು ಸಂಡಾಸಿಗೆ ತಾಗುತ್ತದೆ. ಪಡಸಾಲೆಯಲ್ಲಿ ಎರಿ ಅಂದೆ. "ಈ ಮಳಿಗಾಳಿ ಒಳಗ? ಉಗಿ ನಿಂದರೂ ಮುಚ್ಚಿದ ಜಾಗಾ ಬೇಕಪಾ," ಅಂದಳು. ಸಿಟ್ಟಿರಲಿಲ್ಲ. ಇನ್ನೆರಡು ವಾರ ಒರೆಸಿದರಾಯಿತು ಎಂದೂ ಅಂದಳು. ಆದರೆ ಬಾಗಿಲಲ್ಲಿ ನಿಂತಿದ್ದ ರಾಜಶ್ರೀಯ ಮುಖ ಬಿದ್ದುಹೋಯಿತು. ಆ ಮೊದಲಿನ ಕೂಸು ಮೈಗೆ ನೀರು ಕಾಣದೆ ಹೋದದ್ದು. ಈ ಕೂಸಿಗೆ ಒಮ್ಮೆ ಎರೆಯುವ ತನಕ ಇದು ನಮ್ಮದೆಂದು ನಂಬಲು ಅವಳಿಗೆ ಧೈರ್ಯವಿಲ್ಲ, ಬಾಯಿಬಿಟ್ಟು ಹೇಳದಿದ್ದರೂ ಇಷ್ಟು ತಿಂಗಳಲ್ಲಿ ಅಷ್ಟಾದರೂ ಓದಲು ಕಲಿತಿದ್ದೇನೆ.

ಲಾಲುವಿಗೆ ಹೇಳಿಕಳಿಸಿದೆ.

೨೧ ಜುಲೈ

ಅಪ್ಪನ ಸ್ನಾನದ ಕೋಣೆಗೂ ಪಕ್ಕದ ಬಚ್ಚಲಿಗೂ ನಡುವಿನ ಗೋಡೆ ಒಡೆದೆವು. ಮೊದಲ ಏಟು ನನ್ನದು. ಬಿಳಿ ಟೈಲ್ಸು ಸಿಡಿದು ಕಾಲಿಗೆ ಬಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಲಾಲು, "ಸರ, ಹೊಟ್ಟಿ ಉರೀತೈತೇನ್ರಿ?" ಅಂದ. ಇಲ್ಲ ಅಂದೆ. ನಿಜವಾಗಿಯೂ ಇಲ್ಲ, ಯಾಕೋ.

ಸಂಡಾಸು ಕಿತ್ತು ಹಿತ್ತಲಿಗೆ ಹಾಕುವುದೆಂದಾಯಿತು. ಅಪ್ಪನಿಗೆ ಆದ ಸಂತೋಷ ಹೇಳತೀರದು, ಗೆದ್ದವರ ಹಾಗೆ ಮೀಸೆ ಸವರಿಕೊಂಡು ಓಡಾಡಿದರು. ನೆಲಕ್ಕೆ ಒರಟು ಫರಸಿ ಕಲ್ಲು ಹಾಸಿದರು, ಕಾಲು ಜಾರಬಾರದು. ನಮ್ಮ ಖೋಲಿಗೆ ಹತ್ತಿದ್ದನ್ನು ಮುಟ್ಟಲಿಲ್ಲ. ಅದರ ಚಿಲಕ ಸಡಿಲಿತ್ತು, ಹೊಸದು ತಂದು ಬಿಗಿದೆ.

೨೪ ಜುಲೈ, ಬುಧವಾರ

ಇವತ್ತಿನದನ್ನು ಸಾವಕಾಶ ಬರೆಯಬೇಕು.

ನೀರು ಹಾಕಲು ಹಳ್ಳಿಯಿಂದ ಶಿವವ್ವ ಬರುವವಳಿದ್ದಳು. ಮಳೆ ಹುಚ್ಚು ಹಿಡಿದಂತೆ ಸುರಿಯುತ್ತಿತ್ತು, ಮೊದಲ ಬಸ್ಸೂ ಬರಲಿಲ್ಲ, ಎರಡನೆಯದೂ ಬರಲಿಲ್ಲ. ಹಂಡೆಯ ನೀರು ಕುದಿದು ಕುದಿದು ಹದ ತಪ್ಪುತ್ತಿತ್ತು. ರಾಜಶ್ರೀ ತಂಬಿಗೆ ಎತ್ತಿದಳು, ಕೂಸಿನ ಮುಖ ನೋಡಿ ಮತ್ತೆ ಕೆಳಗಿಟ್ಟಳು. ಅವ್ವ ಆಗಲೇ ಕಾಲು ಚಾಚಿ ಕೂತಾಗಿತ್ತು.

"ಉದಯಾ, ಬಾ ಒಳಗ. ನೀ ಹಾಕು."

"ನಾನಾ? ಗಂಡಸರು ಹಾಕ್ತಾರೇನಬೇ?"

"ನೀರಿಗೇನು ಗೊತ್ತು ಗಂಡಸರ ಕೈಯೋ ಹೆಂಗಸರ ಕೈಯೋ? ಬಾ!"

ಎಷ್ಟು ಹಾಕಲಿ ಅಂದೆ, ಎಷ್ಟು ಎತ್ತರದಿಂದ ಅಂದೆ. "ಅಳತಿ ಕೇಳಬ್ಯಾಡ, ನನ್ನ ಮಾರಿ ನೋಡು," ಅಂದಳು. ನೋಡಿದೆ. ಗದ್ದ ಅಲುಗಿತು, ಹಾಕಿದೆ.

ಹುಟ್ಟಿದಾಗಿನಿಂದ ಬೆಕ್ಕಿನ ಮರಿಯಷ್ಟೇ ದನಿ ಮಾಡಿದ್ದ ಕೂಸು ಬಾಯಿ ತೆರೆಯಿತು. ಒಂದು ಗಳಿಗೆ ಸದ್ದೇ ಇಲ್ಲ, ಮೈಯೆಲ್ಲ ಕೆಂಪಾಯಿತು. ಆಮೇಲೆ ಕಿರುಚಿತು ನೋಡಿ! ಮಳೆಯ ಸದ್ದು ಅಡಗುವ ಹಾಗೆ, ನಾಲ್ಕು ಮನೆಯ ಆಚೆ ಕೇಳುವ ಹಾಗೆ. ಅಷ್ಟು ಸಣ್ಣ ಮೈಯಲ್ಲಿ ಅಷ್ಟು ದೊಡ್ಡ ದನಿ ಎಲ್ಲಿ ಅಡಗಿತ್ತು? ನಾನು ಅಳುತ್ತಿದ್ದೆ, ಮುಚ್ಚಿಡಲಿಲ್ಲ. ಅಪ್ಪ ಪೂಜೆಗೆ ಕೂತಿದ್ದರು. ಅಂಗೈಯಲ್ಲಿ ಲಿಂಗ ಹಿಡಿದುಕೊಂಡೇ ಎದ್ದು ಬಂದು ಬಾಗಿಲಲ್ಲಿ ನಿಂತರು. ಪೂಜೆಯ ನಡುವೆ ಅವರು ಎದ್ದದ್ದನ್ನು ನಾನು ಈ ಮೂವತ್ನಾಲ್ಕು ವರ್ಷದಲ್ಲಿ ಕಂಡಿಲ್ಲ. ನಿಂತು ಕೇಳಿ ತಿರುಗಿ ಹೋದರು.

ಅವ್ವ ಕೂಸನ್ನು ಬೋರಲು ಮಾಡಿದಳು. ಗದ್ದ ಅಲುಗಿತು, ಹಾಕಿದೆ. ಮತ್ತೆ ಅಲುಗಿತು, ಹಾಕಿದೆ. ಕೂಸಿನ ದನಿ ಇಳಿಯಿತು, ಮುಷ್ಟಿ ಬಿಚ್ಚಿತು, ಅವ್ವನ ಕಣಕಾಲಿನ ಮೇಲೆ ಕೆನ್ನೆ ಒತ್ತಿ ನಿದ್ದೆ ಹೋಯಿತು. ಉಗಿಯಲ್ಲಿ ಮೂವರೂ ನೆಂದಿದ್ದೆವು. ಅವ್ವನ ಮುಖ ಆಗ ಹೇಗಿತ್ತೆಂದು ಬರೆಯಲು ನನಗೆ ಬರುವುದಿಲ್ಲ.

ರಾಜಶ್ರೀ ಅರಿವೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕೂಸನ್ನು ಸುತ್ತಿ ಎತ್ತಿಕೊಂಡಳು, ನೆತ್ತಿ ಮೂಸಿದಳು. ಹೊರಟವಳು ನಿಂತು, ಅವ್ವನ ಕಡೆ ತಿರುಗಿ ಹೇಳಿದಳು.

"ಅತ್ತೀ, ನಾಳಿಗೆ ನಾ ಕುಂದರತೇನಿ. ನನಗ ಕಲಸ್ರಿ."

ಕೂಸು ಹುಟ್ಟಿ ನಲವತ್ನಾಲ್ಕು ದಿನ. ಇದರ ವಿಷಯದಲ್ಲಿ ನಾಳೆ ಎಂಬ ಮಾತು ಅವಳ ಬಾಯಿಂದ ಬಂದದ್ದು ಇದೇ ಮೊದಲು. ನನಗೂ ಗೊತ್ತಾಯಿತು, ಅವ್ವನಿಗೂ ಗೊತ್ತಾಯಿತು. ಅವ್ವ ತಲೆ ಎತ್ತದೆ ಕಾಲ ಮೇಲಿನ ನೀರು ಒರೆಸಿಕೊಂಡಳು.

"ಆತು. ಬಳಿ ಮ್ಯಾಲ ಏರಿಸ್ಕೊಂಡು ಬಾ, ಕೂಸಿಗೆ ಒತ್ತತಾವು," ಅಂದಳು.